ಆಡಿಟ್ ದಿನ ತಿರುಗುತ್ತಿದ್ದ ಸೆಂಟ್ರಿಫ್ಯೂಜ್

ಶಿವಮೊಗ್ಗದ ಒಂದು ಪ್ಯಾರಾಮೆಡಿಕಲ್ ತರಬೇತಿ ಸಂಸ್ಥೆಯಲ್ಲಿ ಸರ್ಕಾರಿ ಅನುದಾನದ ಲೆಕ್ಕ ನೋಡಿಕೊಳ್ಳುವ ನನಗೆ, ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗಿಸಿ ಅದರ ತಿಳಿ ಭಾಗವಾದ ಸೀರಂ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದ ಸದ್ದು ಲ್ಯಾಬಿನಿಂದ ಕೇಳಿಸಿದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಡಿಎಂಎಲ್‌ಟಿ, ಅಂದರೆ ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ತರಗತಿಯ ಲ್ಯಾಬಿನ ಹಳೆಯ ಯಂತ್ರ ಓಡುವಾಗ ಅದುರುತ್ತ ಮೇಜಿನ ಅಂಚಿಗೆ ಸರಿಯುತ್ತಿದ್ದುದರಿಂದ, ಅದರಡಿಗೆ ಅಡಿಕೆ ಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಈಗಲೂ ಕಾಡುವ ಸೀಮೆ ನಮ್ಮದು. ಅದರ ಪರೀಕ್ಷೆಗೆ ಬೇಕಾದ ಸೀರಂ ಬೇರ್ಪಡಿಸುವುದನ್ನು ಸರಿಯಾಗಿ ಕಲಿಯದವರು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಹೋಗಿ ಕುಳಿತರೆ ಗತಿಯೇನು? ಲ್ಯಾಬಿನ ಮೇಡಂ ಹೊಸ ಯಂತ್ರಕ್ಕೆ ನವೆಂಬರ್‌ನಲ್ಲೇ ಇಂಡೆಂಟ್ (ಬೇಡಿಕೆ ಪತ್ರ) ಕೊಟ್ಟಿದ್ದರು. ಯಂತ್ರದಂಥ ಬಾಳಿಕೆಯ ವಸ್ತು ಕೊಳ್ಳಲೆಂದಿರುವ ‘ಬಂಡವಾಳ ಆಸ್ತಿ’ ಎಂಬ ಅನುದಾನದ ಶೀರ್ಷಿಕೆಯಲ್ಲಿ ನಮಗೆ ಒಂದು ರೂಪಾಯಿಯೂ ಇರಲಿಲ್ಲವಾದ್ದರಿಂದ ನಾನು ಅದನ್ನು ಫೈಲಿಗೆ ಸೇರಿಸಿ ಸುಮ್ಮನಾದೆ.

ಅನುದಾನದ ಎರಡನೇ ಕಂತು ಬಂದದ್ದು ಫೆಬ್ರವರಿಯ ಕೊನೆಯ ವಾರ. ವರ್ಷವಿಡೀ ಕಾಯಿಸಿ ಐದು ವಾರದಲ್ಲಿ ಖರ್ಚು ತೋರಿಸಿ ಎನ್ನುವವರು ಜನ್ಮದಲ್ಲಿ ಒಂದು ಕೊಟೇಶನ್ನನ್ನಾದರೂ ಕರೆದವರಲ್ಲ ಎಂಬುದು ನನ್ನ ಗುಮಾನಿ. ಮಾರ್ಚ್ 28ರಂದು ಸಾಮಾನ್ಯ ವೆಚ್ಚದ ಶೀರ್ಷಿಕೆಯಲ್ಲಿ ಹಣ ಉಳಿದಿತ್ತು. ಹಿಂದಿರುಗಿಸುವುದಕ್ಕಿಂತ ಮಕ್ಕಳ ಕಲಿಕೆಗಾದರೂ ಆಗಲಿ ಎಂದುಕೊಂಡು, ಬಿಲ್ಲಿನಲ್ಲಿ ‘ಪ್ರಯೋಗಾಲಯ ಸಾಮಗ್ರಿ’ ಎಂದಷ್ಟೇ ಬರೆಸಿ ಸೆಂಟ್ರಿಫ್ಯೂಜ್ ತರಿಸಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯು, ಅಂದರೆ ಅನುದಾನ ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರವು, ಸಾಮಾನ್ಯ, ವೇತನ, ಬಂಡವಾಳ ಆಸ್ತಿ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳುತ್ತದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಬಳಕೆ ಪ್ರಮಾಣಪತ್ರವನ್ನು ತುಂಬಿ ಪ್ರಾಂಶುಪಾಲರ ಸಹಿಗೆ ಇಟ್ಟವನೇ ನಾನು.

ಜುಲೈನಲ್ಲಿ ಆಡಿಟರ್ ಕೇಳಿದ್ದು ಒಂದೇ ಪ್ರಶ್ನೆ: “ಈ ಸಾಮಗ್ರಿ ಸ್ಟಾಕ್ ರಿಜಿಸ್ಟರಿನ ಯಾವ ಪುಟದಲ್ಲಿದೆ?” ಬಳಸಿ ಮುಗಿಯುವ ವಸ್ತುಗಳ ರಿಜಿಸ್ಟರಿಗೆ ಅದು ಸೇರುವುದಿಲ್ಲ, ಯಂತ್ರ, ಪೀಠೋಪಕರಣಗಳ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದರೆ ಬಿಲ್ಲೇ ಸುಳ್ಳಾಗುತ್ತದೆ, ಹಾಗಾಗಿ ನಾನು ಎರಡರಲ್ಲೂ ಬರೆದಿರಲಿಲ್ಲ. “ಹಾಗಾದರೆ ವಸ್ತುವನ್ನೇ ನೋಡೋಣ ಬನ್ನಿ” ಎಂದು ಅವರು ಎದ್ದರು.

ಲ್ಯಾಬಿನಲ್ಲಿ ಹೊಸನಗರ ಕಡೆಯ ವಿದ್ಯಾರ್ಥಿನಿಯೊಬ್ಬಳು ಆಗಷ್ಟೇ ಟ್ಯೂಬುಗಳನ್ನು ಇಟ್ಟು, ನಿಮಿಷಕ್ಕೆ 3000 ಸುತ್ತಿನಂತೆ ಹತ್ತು ನಿಮಿಷಕ್ಕೆ ಒತ್ತಿದ್ದಳು. ಆಡಿಟರ್ ಮುಚ್ಚಳದತ್ತ ಕೈ ಚಾಚಿದಾಗ, “ಪೂರ್ತಿ ನಿಲ್ಲುವವರೆಗೆ ತೆಗೆಯಬಾರದು ಸರ್” ಎಂದು ಅಡ್ಡ ನಿಂತಳು. ನಾವಿಬ್ಬರೂ ಕಾದೆವು. ನಾನು ಟೈಮರನ್ನು ನೋಡುತ್ತಿದ್ದೆ, ಅವರು ಯಂತ್ರದ ಹಿಂಬದಿಯ ತಗಡಿನಿಂದ ಸೀರಿಯಲ್ ನಂಬರನ್ನು ಬರೆದುಕೊಳ್ಳುತ್ತಿದ್ದರು. ಯಂತ್ರ ನಿಂತ ಮೇಲೆ ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. ಮೇಲೆ ತಿಳಿ ಹಳದಿ ಸೀರಂ, ಕೆಳಗೆ ಗಟ್ಟಿಯಾದ ಕೆಂಪು. “ಚೆನ್ನಾಗಿ ಬಂದಿದೆಯಮ್ಮಾ” ಎಂದು ಹೇಳಿದ ಆಡಿಟರ್ ಅಲ್ಲೇ ನಿಂತು ಆಕ್ಷೇಪಣೆ ಬರೆದರು.

ಆ ವೆಚ್ಚ ಅಮಾನ್ಯವಾಯಿತು, ಮುಂದಿನ ಕಂತು ತಡೆಹಿಡಿಯಲ್ಪಟ್ಟಿತು, ಶಿಷ್ಯವೇತನ ಎರಡು ತಿಂಗಳು ತಡವಾಯಿತು. ಅದೇ ಹುಡುಗಿ ಕೌಂಟರಿಗೆ ಬಂದು ಹಾಸ್ಟೆಲ್ ಬಾಕಿಯ ಚೀಟಿ ತೋರಿಸಿ ಕೇಳಿದಾಗ, ಪೋರ್ಟಲ್ ಸಮಸ್ಯೆಯಮ್ಮಾ ಎಂದೆ. ನವೆಂಬರ್‌ನಲ್ಲೇ ಶೀರ್ಷಿಕೆ ಬದಲಾವಣೆಗೆ ಅನುಮತಿ ಕೋರಿ ಒಂದು ಪತ್ರ ಬರೆದಿದ್ದರೆ ಇದಿಷ್ಟೂ ತಪ್ಪುತ್ತಿತ್ತೋ ಏನೋ.

ಈಗ ಇಂಡೆಂಟ್ ಬಂದ ದಿನವೇ ಪತ್ರ ಹೋಗುತ್ತದೆ. ಮೊದಲನೆಯದಕ್ಕೆ ಅನುಮತಿ ಬಂದದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಹಣ ಹಿಂದಿರುಗಿತ್ತು.