ಅರಳಗುಪ್ಪೆಗೆ ಇಪ್ಪತ್ತು ಜನರನ್ನು ಕರೆದೊಯ್ಯುವ ಮುನ್ನ

ಹಳ್ಳಿ ಪ್ರವಾಸಕ್ಕೆ ಜನ ಸೇರಿಸುವುದು ಈಗ ಕಷ್ಟವಲ್ಲ. ನಾಲ್ಕು ಒಳ್ಳೆಯ ಫೋಟೊ ವಾಟ್ಸಾಪಿಗೆ ಹಾಕಿದರೆ ಸಾಕು, ಹೆಸರುಗಳು ಬರುತ್ತವೆ. ಕೆಲಸ ಕೆಡುವುದು ಊರೊಳಗೆ ಕಾಲಿಟ್ಟ ಮೇಲೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯನ್ನೇ ನೋಡಿ: 9ನೇ ಶತಮಾನದ ಕಲ್ಲೇಶ್ವರ, 13ನೇ ಶತಮಾನದ ಹೊಯ್ಸಳರ ಚೆನ್ನಕೇಶವ, ಎರಡು ಗುಡಿಯೂ ಒಂದೇ ಊರಲ್ಲಿ. ಇಷ್ಟಿದ್ದೂ ಬಂದವರು ಅರ್ಧ ಗಂಟೆಯಲ್ಲಿ ವಾಪಸ್ ಹೊರಡುವುದುಂಟು. ಅದಕ್ಕೆ ಕಾರಣ ಬೀಗ, ಬೆಳಕು, ಊಟ.

ಬೀಗದಿಂದ ಶುರು ಮಾಡಿ. ಇಂಥ ಊರುಗಳಲ್ಲಿ ಅರ್ಚಕರು ಬೆಳಗಿನ ಪೂಜೆ ಮುಗಿಸಿ ತೋಟಕ್ಕೋ ಪೇಟೆಗೋ ಹೊರಟುಬಿಡುತ್ತಾರೆ. ಎರಡು ಗುಡಿ ಇದ್ದರೆ ಬೀಗದ ಕೈ ಇಬ್ಬರ ಹತ್ತಿರ ಇರಬಹುದು, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಹಿಂದಿನ ಸಂಜೆ ಒಮ್ಮೆ, ಬಸ್ಸು ತುಮಕೂರು ದಾಟುವಾಗ ಇನ್ನೊಮ್ಮೆ ಫೋನ್ ಮಾಡಿ, "ಸ್ವಾಮಿ, ಹತ್ತೂವರೆಗೆ ಬರ್ತೀವಿ" ಎಂದು ಇಬ್ಬರಿಗೂ ಹೇಳಬೇಕು. ಕಾರ್ತಿಕ ಸೋಮವಾರ ಈಶ್ವರನ ಗುಡಿಗೆ ಗುಂಪು ಕರೆತರಬೇಡಿ. ಅವತ್ತು ಗುಡಿ ಊರವರದು.

ಕಲ್ಲೇಶ್ವರದ ಜೀವ ಇರುವುದು ಮಂಟಪದ ಒಳಚಾವಣಿಯಲ್ಲಿ. ನಡುವೆ ನರ್ತಿಸುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಅಷ್ಟದಿಕ್ಪಾಲಕರು. ಒಳಗೆ ಕತ್ತಲು. ಎಲ್ಲರೂ ಕೆಳಗೆ ನಿಂತು ಮೊಬೈಲ್ ಟಾರ್ಚನ್ನು ನೇರ ಮೇಲಕ್ಕೆ ಹಿಡಿದರೆ ನೆರಳೇ ಬೀಳದೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಉಳಿದ ಟಾರ್ಚುಗಳನ್ನೆಲ್ಲ ಆರಿಸಿ, ಒಬ್ಬರು ಮಾತ್ರ ಮಂಟಪದ ಅಂಚಿನಲ್ಲಿ ನಿಂತು ಓರೆಯಾಗಿ ಬೆಳಕು ಬಿಡಲಿ. ಆಗ ಶಿವನ ಮಡಿಚಿದ ಮಂಡಿ, ತೋಳು ಕಲ್ಲಿನಿಂದ ಎದ್ದು ಬರುತ್ತವೆ. ಆನೆ ಏರಿದ ಇಂದ್ರನನ್ನು ಮೊದಲು ತೋರಿಸಿ, ಅಲ್ಲಿಂದ ಪ್ರದಕ್ಷಿಣೆಯಾಗಿ ಟಗರಿನ ಅಗ್ನಿ, ಕೋಣನ ಯಮ ಎಂದು ಹೋದರೆ ಮಕ್ಕಳು ಉಳಿದವರನ್ನು ತಾವೇ ಹುಡುಕುತ್ತಾರೆ. ಒಂದಡಿ ಅಗಲದ ಕನ್ನಡಿ ಒಯ್ದರೆ ವಯಸ್ಸಾದವರು ಕತ್ತು ನೋಯಿಸಿಕೊಳ್ಳದೆ ಅದರಲ್ಲೇ ನೋಡಬಹುದು. ಇಷ್ಟು ಚಿಕ್ಕ ಸಾಮಾನು ಇಷ್ಟು ಉಪಕಾರ ಮಾಡುವುದು ಅಪರೂಪ.

ಶೌಚಾಲಯದ ಮಾತು ಮುಜುಗರ ಅಂತ ಬಿಡಬೇಡಿ. ಇಪ್ಪತ್ತು ಜನಕ್ಕೆ ಕನಿಷ್ಠ ಎರಡು ಮನೆಯವರನ್ನು ಮೊದಲೇ ಕೇಳಿ, ನೀರು ತುಂಬಿಸಿ, ಮುಚ್ಚಳದ ಕಸದ ಡಬ್ಬ ಇಡಿಸಿ. ಗುಡಿ ಪಕ್ಕದಲ್ಲೇ ಕಟ್ಟಿಸೋಣ ಎಂದು ಪಂಚಾಯ್ತಿಯಲ್ಲಿ ಉತ್ಸಾಹ ತೋರುವವರಿದ್ದಾರೆ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಹಣ ಬಿಡುಗಡೆಯಾದ ಮೇಲೆ ಇದು ಗೊತ್ತಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಊಟಕ್ಕೆ ಮುದ್ದೆ ಇಡಿಸುವುದಾದರೆ ಇಪ್ಪತ್ತು ಜನಕ್ಕೆ ಎರಡೂವರೆಯಿಂದ ಮೂರು ಕೆ.ಜಿ. ರಾಗಿಹಿಟ್ಟು ಸಾಕು, ತಲೆಗೆ ಒಂದರಿಂದ ಒಂದೂವರೆ ಮುದ್ದೆ. ಎಸರು ಕಾದಿರಲಿ, ಹಿಟ್ಟು ಹಾಕಿ ತೊಳಸುವುದು ಮಾತ್ರ ಗುಂಪು ಮನೆ ಬಾಗಿಲಿಗೆ ಬಂದ ಮೇಲೆ. ಮೊದಲೇ ಮಾಡಿಟ್ಟ ಮುದ್ದೆ ಮೇಲ್ಗಡೆ ಒಣಗಿ ಗಟ್ಟಿಯಾಗುತ್ತದೆ, ಹೊಸಬರು ಮುರಿಯಲಾರದೆ ಅನ್ನ ಕೇಳುತ್ತಾರೆ. ಡಿಸೆಂಬರ್–ಜನವರಿ ಆದರೆ ಹಿದಕಿದ ಅವರೆ ಸಾರು ಮಾಡಿಸಿ, ಆದರೆ ಅವರೆಕಾಳು ಹಿದುಕಲು ಇಬ್ಬರಿಗೆ ಅರ್ಧ ದಿನ ಬೇಕು, ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಷ್ಟು ಜನ ಎಂಬುದನ್ನು ಎರಡು ದಿನ ಮೊದಲೇ ಖಚಿತಪಡಿಸಿ. ಹತ್ತು ಜನ ಕಡಿಮೆ ಬಂದರೆ ನಷ್ಟ ಆ ಮನೆಯಾಕೆಗೆ ಬೀಳಬಾರದು. ಅಡುಗೆಯವರ ದುಡ್ಡು ಅವತ್ತೇ, ಅವರ ಕೈಗೇ ಕೊಡಬೇಕು.

ಮಧ್ಯಾಹ್ನ ಕೊಬ್ಬರಿ ಅಟ್ಟ. ತಿಪಟೂರಿನ ಉಂಡೆ ಕೊಬ್ಬರಿ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗುತ್ತದೆ ಎಂದು ಬಾಯಲ್ಲಿ ಹೇಳಿದರೆ ಯಾರಿಗೂ ಅಂಟುವುದಿಲ್ಲ. ತೋಟದವರಿಗೆ ಹೇಳಿ ಮೂರು ಕಾಯಿ ತೆಗೆದಿಡಿಸಿ. ಹಸಿಯದನ್ನು ಕಿವಿ ಹತ್ತಿರ ಕುಲುಕಿದರೆ ನೀರು ಗುಳುಗುಳು ಅನ್ನುತ್ತದೆ. ನಡುವಿನದು ಮೌನ: ನೀರು ಬತ್ತಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ. ಮೂರನೆಯದರಲ್ಲಿ ಉಂಡೆ ಒಳಗೇ ಗಡಗಡ ಉರುಳುತ್ತದೆ. ಚಿಪ್ಪು ಒಡೆಯಲು ಮಾತ್ರ ಪ್ರವಾಸಿಗರ ಕೈಗೆ ಕತ್ತಿ ಕೊಡಬೇಡಿ. ಏಟು ಆಳವಾದರೆ ಉಂಡೆ ಹೋಳಾಗುತ್ತದೆ, ಹೋಳಿಗೆ ಉಂಡೆಯ ಬೆಲೆ ಸಿಗುವುದಿಲ್ಲ. ಯಾರಾದರೂ ಹಟ ಹಿಡಿದರೆ ಆ ಕಾಯಿಯ ಹಣ ಮೊದಲೇ ತೋಟದವರಿಗೆ ಕೊಟ್ಟು ಒಡೆಯಲಿ.