ಫೈವ್ ಪಾಯಿಂಟ್ಸ್ ಗೋಡೆಗಳು ಮತ್ತು ಹತ್ತು ತಿಂಗಳ ಆತುರ

ಗೋಡೆಗೆ ಚಿತ್ರ ಬಂದರೆ ಏರಿಯಾಗೆ ಬೆಲೆ ಬರುತ್ತದೆ ಅಂತಾರೆ. ಅರ್ಧ ನಿಜ. ಬಣ್ಣ ಜನರನ್ನು ಕರೆತರುತ್ತದೆ, ದೊಡ್ಡ ದುಡ್ಡು ಹುಟ್ಟುವುದು ಆ ಸೈಟಿನಲ್ಲಿ ಎಷ್ಟು ಮಹಡಿ ಎಬ್ಬಿಸಬಹುದು ಎಂಬ ಅನುಮತಿಯಿಂದ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಗ್ರಾಫಿಟಿ ಕಟ್ಟಡದ ಪ್ರಕರಣದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಕ್ವೀನ್ಸ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿ ಒಂದು ಕಾಲಕ್ಕೆ ನೀರಿನ ಮೀಟರ್ ತಯಾರಾಗುತ್ತಿದ್ದ ಕಾರ್ಖಾನೆ ಅದು. ಮಾಲೀಕ ಜೆರ್ರಿ ವೋಲ್ಕಾಫ್. ಅವರ ಒಪ್ಪಿಗೆಯ ಮೇಲೆಯೇ 2002ರಿಂದ ಕಲಾವಿದ ಜೊನಾಥನ್ ಕೊಹೆನ್ ಗೋಡೆಗಳ ಉಸ್ತುವಾರಿ ನೋಡಿಕೊಂಡರು: ಯಾರಿಗೆ ಯಾವ ಗೋಡೆ, ಯಾವುದು ವರ್ಷಗಟ್ಟಲೆ ಇರಬೇಕು, ಯಾವುದರ ಮೇಲೆ ಬೇಗ ಇನ್ನೊಬ್ಬರು ಬರೆಯಬಹುದು. ಎತ್ತರದ ಹಳಿ ಮೇಲೆ ಹೋಗುವ ಏಳನೇ ನಂಬರ್ ರೈಲಿನ ಕಿಟಕಿಗೆ ಇಡೀ ಕಟ್ಟಡ ಕಾಣುತ್ತಿತ್ತು.

2013ರಲ್ಲಿ ಅಲ್ಲಿ ಹೆಚ್ಚು ಅಪಾರ್ಟ್‌ಮೆಂಟ್ ಕಟ್ಟಲು ನಗರದ ಅನುಮತಿ ಸಿಕ್ಕಿತು. ಕೋರ್ಟಿನ ತೀರ್ಪಿನ ಪ್ರಕಾರ ಆಸ್ತಿಯ ಬೆಲೆ 4 ಕೋಟಿ ಡಾಲರಿನಿಂದ 20 ಕೋಟಿಗೆ ಜಿಗಿದದ್ದು ಈ ಒಂದು ಕಾಗದದಿಂದ. ಕಲಾವಿದರು ತಡೆಯಾಜ್ಞೆ ಕೇಳಿದರು, ಸಿಗಲಿಲ್ಲ. ನಿರಾಕರಣೆಯ ಕಾರಣಗಳನ್ನು ವಿವರಿಸುವ ಆದೇಶ ಹೊರಬೀಳುವ ಮೊದಲೇ, ನವೆಂಬರ್ 19ಕ್ಕೆ ಬೆಳಗಾಗುವುದರೊಳಗೆ, ಗೋಡೆಗಳಿಗೆ ಬಿಳಿ ಬಣ್ಣ ಹೊಡೆಸಲಾಯಿತು. ಅಗ್ಗದ, ತೆಳು ಬಣ್ಣ. ಒಳಗಿನ ಚಿತ್ರಗಳು ಇಣುಕುತ್ತಲೇ ಇದ್ದವು, ಕಟ್ಟಡ ಕೆಡವುವವರೆಗೆ ರೈಲಿನವರೆಲ್ಲ ಅದನ್ನೇ ನೋಡಿಕೊಂಡು ಓಡಾಡಿದರು.

ದೃಶ್ಯ ಕಲಾವಿದರ ಹಕ್ಕು ಕಾಯುವ ಅಮೆರಿಕದ 1990ರ ಕಾನೂನು ಹೇಳುವುದು ಸರಳ. ಬಿಚ್ಚಿ ತೆಗೆಯಬಹುದಾದ ಚಿತ್ರವಾದರೆ ಕಲಾವಿದರಿಗೆ 90 ದಿನದ ಲಿಖಿತ ನೋಟಿಸ್ ಕೊಡಬೇಕು. ಗೋಡೆಗೇ ಅಂಟಿಕೊಂಡದ್ದಾದರೆ ಹಕ್ಕು ಬಿಟ್ಟುಕೊಟ್ಟ ಬಗ್ಗೆ ಸಹಿ ಇರುವ ಪತ್ರ ಬೇಕು. ಇಲ್ಲಿ ಎರಡೂ ಇರಲಿಲ್ಲ. ಎಷ್ಟೋ ಚಿತ್ರಗಳು ಪ್ಲೈವುಡ್ ಮೇಲಿದ್ದವು, ನೋಟಿಸ್ ಬಂದಿದ್ದರೆ ಉಳಿಯುತ್ತಿದ್ದವು. 2018ರಲ್ಲಿ ನ್ಯಾಯಾಧೀಶ ಫ್ರೆಡರಿಕ್ ಬ್ಲಾಕ್ 45 ಚಿತ್ರಗಳಿಗೆ ತಲಾ 1,50,000 ಡಾಲರಿನಂತೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿದರು. 2020ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ವೋಲ್ಕಾಫ್ ಕೆಡವುವ ಪರ್ಮಿಟ್ ಬರುವವರೆಗೆ ಕಾದು, ಹತ್ತು ತಿಂಗಳ ನಂತರ ಚಿತ್ರಗಳನ್ನು ಕಟ್ಟಡದ ಜೊತೆಗೇ ಕೆಡವಿದ್ದರೆ ಇದನ್ನು ಬೇಕೆಂದೇ ಮಾಡಿದ್ದು ಎನ್ನುತ್ತಿರಲಿಲ್ಲ ಎಂದೂ ಬ್ಲಾಕ್ ತಮ್ಮ ತೀರ್ಪಿನಲ್ಲಿ ಬರೆದಿದ್ದಾರೆ.

ನಮ್ಮಲ್ಲಿ 90 ದಿನದ ನಿಯಮವೇ ಇಲ್ಲ. ಇರುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ: ಕೃತಿಯನ್ನು ಕೆಡಿಸಿ ಕರ್ತೃವಿನ ಗೌರವಕ್ಕೆ ಧಕ್ಕೆ ತಂದರೆ ಅವರು ಪರಿಹಾರ ಕೇಳಬಹುದು. ದೆಹಲಿಯ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಮಾಡಿದ್ದಕ್ಕೆ ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರಿಗೆ 5 ಲಕ್ಷ ರೂಪಾಯಿ ಕೊಡಿಸಿತು. ಆದರೆ 2019ರಲ್ಲಿ, ದೆಹಲಿಯಲ್ಲಿ ಕೆಡವಿದ ಹಾಲ್ ಆಫ್ ನೇಷನ್ಸ್ ಕಟ್ಟಡದ ಪ್ರಕರಣದಲ್ಲಿ ಅದೇ ಕೋರ್ಟ್, ಕಟ್ಟಡ ಪೂರ್ತಿ ಹೋದರೆ ವಾಸ್ತುಶಿಲ್ಪಿಗೆ ಈ ಹಕ್ಕು ಇಲ್ಲ ಎಂದಿತು. ಹಾಗಾಗಿ ಕಾಯ್ದೆಯನ್ನು ನಂಬಿ ಕೂರುವಂತಿಲ್ಲ, ಒಪ್ಪಂದವನ್ನು ನಾವೇ ಬರೆಸಿಕೊಳ್ಳಬೇಕು.

ಬೆಂಗಳೂರಿನಲ್ಲಿ ಚಿತ್ರ ಬರೆಯಲು ಗೋಡೆ ಒಪ್ಪಿಕೊಳ್ಳುವ ಮೊದಲು ಆ ಜಾಗದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಮಾಲೀಕರು ಬಿಲ್ಡರ್ ಜೊತೆ ಸೇರಿ ಹೊಸದಾಗಿ ಕಟ್ಟಲು ಮಾಡಿಕೊಂಡ, ನೋಂದಣಿಯಾದ ಜಂಟಿ ಅಭಿವೃದ್ಧಿ ಒಪ್ಪಂದವಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಇದ್ದರೆ ಗೋಡೆಯ ಆಯುಸ್ಸು ಕಡಿಮೆ ಎಂದೇ ಲೆಕ್ಕ. ಅಂಥ ಕಡೆ ಗಾರೆಯ ಮೇಲೆ ಬರೆಯದೆ, ಸಿಮೆಂಟ್ ಬೋರ್ಡಿನ ಹಾಳೆಗಳನ್ನು ಸ್ಕ್ರೂ ಹಾಕಿ ಕೂರಿಸಿ ಅವುಗಳ ಮೇಲೆ ಬರೆಯಿರಿ, ಬಿಚ್ಚಿಕೊಂಡು ಹೋಗಬಹುದು. ಬಾಡಿಗೆದಾರ ಬಾಯಲ್ಲಿ ಹೇಳಿದ ಒಪ್ಪಿಗೆ ಸಾಲದು, ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಸಹಿ ಬೇಕು. 90 ದಿನದ ನೋಟಿಸ್, ಬಿಚ್ಚುವ ಖರ್ಚು ಯಾರದು ಎಂಬುದು, ಎರಡನ್ನೂ ಪತ್ರದಲ್ಲಿ ಸೇರಿಸಿ. ಮುಗಿದ ದಿನವೇ ಎದುರಿನಿಂದ ಒಂದು, ಅಕ್ಕಪಕ್ಕದ ಕಟ್ಟಡ ಸೇರಿಸಿ ಒಂದು ಫೋಟೊ ತೆಗೆದು ದಿನಾಂಕ ಹಾಕಿಡಿ.

ಮಾರಾಟದ ಬ್ರೋಷರಿನಲ್ಲಿ ಚಿತ್ರ ಬಳಸಲು ಬೇರೆ ಅನುಮತಿ, ಬೇರೆ ದುಡ್ಡು ಎಂಬ ಷರತ್ತು ಮಾತ್ರ ಬಿಡಬೇಡಿ. ಹೆಸರಿಗೂ ಅದೇ ಷರತ್ತು ಇರಲಿ: ಕ್ವೀನ್ಸ್‌ನಲ್ಲಿ ಆ ಗೋಡೆಗಳ ಜಾಗದಲ್ಲಿ ಎದ್ದ ಎರಡು ಬಾಡಿಗೆ ಗೋಪುರಗಳಿಗೆ ಫೈವ್ ಪಾಯಿಂಟ್ಸ್ ಅಂತಲೇ ಹೆಸರಿಟ್ಟರು.