ಆಯುಧಪೂಜೆಯ ಹಿಂದಿನ ದಿನ ಒಂದು ಸುರುಳಿ ಟೇಪು

ಆಯುಧಪೂಜೆಗೆ ಒಂದು ದಿನ ಮುಂಚೆ ಕುವೆಂಪುನಗರದ ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ನೋಡಿದರೂ ಬಕೆಟ್ಟು, ಪೈಪು, ಹಳೇ ಬನಿಯನ್ನು. ನಮ್ಮದು 2012ರ ಮಾಡೆಲ್, ಕಡು ನೀಲಿ ಕಾರು. ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಕೊಂಡದ್ದು. ಅದನ್ನು ತೊಳೆದು ಪಾಲಿಷ್ ಮಾಡುವ ಕೆಲಸ ಈಗ ನನ್ನದು.

ಹೋದ ವರ್ಷ ಅವಸರದಲ್ಲಿ ಇಡೀ ಕಾರಿಗೆ ವ್ಯಾಕ್ಸ್, ಅಂದರೆ ಹೊಳಪಿಗೆ ಹಚ್ಚುವ ಮೇಣ, ಬಳಿದಿದ್ದೆ. ಬೆಳಗ್ಗೆ ಬಿಸಿಲಿಗೆ ತಂದಾಗ ಎದೆ ಧಸಕ್ಕೆಂದಿತು. ಬಾಗಿಲ ಮೇಲಿನ ಕಪ್ಪು ಪಟ್ಟಿ, ಬಂಪರಿನ ಕೆಳಭಾಗ, ವೈಪರ್ ಬುಡದ ಜಾಲರಿ, ಎಲ್ಲಾ ಕಡೆ ವಿಭೂತಿ ಬಳಿದ ಹಾಗೆ ಬಿಳಿ ಬಿಳಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಹೋಗಲಿಲ್ಲ. ಆ ಪ್ಲಾಸ್ಟಿಕ್ಕು ನೋಡೋಕೆ ನಯ, ಆದರೆ ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ. ವ್ಯಾಕ್ಸ್ ಅದರೊಳಗೆ ಕೂತು ಒಣಗಿಬಿಡುತ್ತೆ. ಹಳೇ ಟೂತ್‌ಬ್ರಷ್ಷು, ಬೆಚ್ಚಗಿನ ಸೋಪಿನ ನೀರು ಹಿಡಿದು ಮೂರು ಭಾನುವಾರ ಕೂತೆ. ಆದರೂ ಪೂರ್ತಿ ಹೋಗಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಆ ಪಟ್ಟಿಯ ಮೇಲೆ ಆಗಾಗ ಬೆರಳು ಆಡಿಸುತ್ತಿದ್ದರು, ಅಷ್ಟೇ.

ನಮ್ಮ ಏರಿಯಾದ ಗ್ಯಾರೇಜಿನ ಪೇಂಟರ್ ಒಬ್ಬರಿಗೆ ತೋರಿಸಿದೆ. ‘ಬಣ್ಣ ಹೊಡೆಯೋದು ಹತ್ತು ನಿಮಿಷ ಸಾರ್, ಟೇಪು ಅಂಟಿಸೋದೇ ಒಂದು ಗಂಟೆ. ಪಾಲಿಷ್‌ಗೂ ಹಂಗೇ ಮಾಡಿ’ ಅಂದರು.

ಈ ಸಲ ಹಾಗೇ ಮಾಡಿದೆ. ಬಣ್ಣ ತಾಗಬಾರದ ಕಡೆ ಪೇಂಟರುಗಳು ಅಂಟಿಸುವ ಕಾಗದದ ಮಾಸ್ಕಿಂಗ್ ಟೇಪನ್ನೇ ತಂದೆ, ಮುಕ್ಕಾಲು ಇಂಚಿನದು. ಪಾರ್ಸೆಲ್ಲಿಗೆ ಹಾಕುವ ಕಂದು ಟೇಪು ಬೇಡವೇ ಬೇಡ, ಅದರ ಅಂಟು ಅಲ್ಲೇ ಉಳಿದುಬಿಡುತ್ತೆ. ಮೊದಲು ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿಸಿದೆ. ಧೂಳು, ತೇವ ಇದ್ದರೆ ಟೇಪು ಕೂರುವುದಿಲ್ಲ. ಅಪ್ಪ ಪೋರ್ಟಿಕೋದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಗೇಣುದ್ದ ಹರಿದು ಹರಿದು ಇನ್ನೊಂದು ಸ್ಟೂಲಿನ ಅಂಚಿಗೆ ಅಂಟಿಸಿ ಇಡುತ್ತಿದ್ದರು. ಅಂಗಡಿಯಲ್ಲಿ ಹೂವಿನ ಹಾರ ತೂಗುಬಿಟ್ಟ ಹಾಗೆ ಸಾಲಾಗಿ ನೇತಾಡುತ್ತಿದ್ದವು. ನಾನು ಒಂದೊಂದೇ ತೆಗೆದು ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿದೆ. ಅಂಚು ಸರಿಯಾಗಿ ಕೂರದಿದ್ದರೆ ವ್ಯಾಕ್ಸ್ ಅಲ್ಲಿಂದಲೇ ಒಳಗೆ ಹೋಗುವುದು. ಚಕ್ರದ ಮೇಲಿನ ತಿರುವಿಗೆ ಉದ್ದ ಪಟ್ಟಿ ಬಗ್ಗುವುದಿಲ್ಲ, ಚಿಕ್ಕ ಚಿಕ್ಕ ತುಂಡು ಒಂದರ ಮೇಲೊಂದು ಬರಬೇಕು. ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗು, ಹಿಡಿಕೆ, ಹಿಂದೆ ಇರುವ ಹೆಸರಿನ ಅಕ್ಷರಗಳು, ಎಲ್ಲಾ ಮುಚ್ಚಿದೆ. ವೈಪರ್ ಬುಡದ ಜಾಲರಿಗೆ ಪೇಪರ್ ಹೊದಿಸಿ ಸುತ್ತ ಟೇಪು ಹಾಕಿದೆ. ಮುಕ್ಕಾಲು ಗಂಟೆ ಹಿಡಿಯಿತು.

ಬಾಗಿಲ ಅಂಚಿಗೂ, ಬಾನೆಟ್ಟಿನ ಉಬ್ಬು ಗೆರೆಗೂ ಟೇಪು ಹಾಕಿದೆ. ಪಾಲಿಷ್‌ನಲ್ಲಿ ಸಣ್ಣ ಪುಡಿ ಇರುತ್ತೆ, ಅದು ಬಣ್ಣದ ಮೇಲ್ಪದರವನ್ನು ಚೂರು ಚೂರೇ ಸವೆಸುತ್ತೆ. ಅಂಚಿನಲ್ಲಿ ಬಣ್ಣ ಮೊದಲೇ ತೆಳು. ಮೆಷಿನ್ ಹಿಡಿಯುವವರಂತೂ ಇದನ್ನು ಮರೆಯಲೇಬಾರದು. ನಾನು ಕೈಯಲ್ಲೇ ಮಾಡಿದೆ, ನೆರಳಲ್ಲಿ, ಒಂದು ಸಲಕ್ಕೆ ಒಂದು ಭಾಗ. ಆಮೇಲೆ ತೆಳ್ಳಗೆ ವ್ಯಾಕ್ಸ್. ಡಬ್ಬಿ ಓದುತ್ತಿದ್ದ ಅಪ್ಪ ‘ಕಾರ್ನೌಬಾ ಅಂದ್ರೆ ಏನೋ?’ ಅಂದರು. ಬ್ರೆಜಿಲ್‌ನ ಒಂದು ಜಾತಿ ತಾಳೆಮರದ ಎಲೆಯ ಮೇಣ ಅಂದೆ. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

ಸಂಜೆಯೇ ಟೇಪು ಬಿಚ್ಚಿದೆ. ಹಾಗೇ ಬಿಟ್ಟು ಬಿಸಿಲು ಬಿದ್ದರೆ ಇದರ ಅಂಟೂ ಹಿಡಿದುಕೊಳ್ಳುತ್ತೆ. ತುದಿಯನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯುತ್ತಾ ಬಂದೆ. ಕೆಳಗೆ ಕಪ್ಪು ಪಟ್ಟಿ ಕಪ್ಪಾಗೇ ಇತ್ತು. ಎಡಗಡೆ ಕನ್ನಡಿಯ ಕೆಳಗೆ ಮಾತ್ರ ಹೆಬ್ಬೆರಳಗಲ ಜಾಗ ಬಿಟ್ಟುಹೋಗಿ ಬಿಳಿ ಗೆರೆ ಎದ್ದಿತ್ತು. ಹಸಿಯಿದ್ದಾಗಲೇ ಸೋಪಿನ ಬಟ್ಟೆಯಲ್ಲಿ ಒರೆಸಿದೆ. ಹೋಯಿತು.

ಮಾರನೇ ದಿನ ಸೇವಂತಿಗೆ ಹಾರ ಹಾಕಿ, ಅಮ್ಮ ಬಾನೆಟ್ಟಿನ ಮೇಲೆ ಗಂಧದ ಬೊಟ್ಟು ಇಟ್ಟರು. ನೀರು ಜಾಸ್ತಿಯಾಗಿದ್ದ ಗಂಧ ಮಣಿಯ ಹಾಗೆ ದುಂಡಗಾಗಿ ಜಾರಿ ಕೆಳಗೆ ಬಂತು. ‘ರೀ, ನಿಲ್ತಾನೇ ಇಲ್ವಲ್ರೀ’ ಅಂದರು. ಅಪ್ಪ ಒಳಗೆ ಹೋಗಿ ಉಳಿದಿದ್ದ ಟೇಪು ತಂದರು. ಎರಡು ಇಂಚು ಹರಿದು ಬಾನೆಟ್ಟಿನ ನಡುವೆ ಅಂಟಿಸಿ, ಉಗುರಿನಿಂದ ಅಂಚು ಒತ್ತಿದರು.

‘ಇದರ ಮೇಲೆ ಇಡು’ ಅಂದರು.